ಬಾಲ್ಯದ ನೋವು ಕೇಳುವ ಪ್ರಶ್ನಾವಳಿ: ಸಿಟಿಕ್ಯೂ, ಏಸ್, ಏಸ್-ಐಕ್ಯೂ, ಇಟಿಐ, ನಮ್ಮ ಕಡೆ ಯಾವುದನ್ನು ನಂಬಬಹುದು?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್) ಮಾಡುವವರು, ಸೈಕಾಲಜಿ ಓದುವವರು ಡಿಸರ್ಟೇಶನ್ ಹೊತ್ತಿಗೆ ನನಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಆಲ್ಫಾ ಎಷ್ಟು ಬಂದ್ರ ಸಾಕ್ರೀ?" ಪ್ರಶ್ನಾವಳಿಯನ್ನು ನಂಬಬಹುದು ಅಂತ ತೋರಿಸೋಕೆ ಎಲ್ಲರೂ ಹಾಕುವ ಅಂಕೆ ಅದು. 0.7 ದಾಟಿದರೆ ಸಾಕು ಅಂತ ಯಾರೋ ಸೀನಿಯರ್ ಹೇಳಿಕೊಟ್ಟಿರುತ್ತಾರೆ. ಅಷ್ಟು ಬಂದರೆ ಒಂದು ಸಾಲು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಮಾಡಿದವಳು, ಅದಕ್ಕೇ ಬೈಯೋಕೆ ಬಾಯಿ ಬರಲ್ಲ.

ನನ್ನ ಬುದ್ಧಿ ತಿದ್ದಿದ್ದು ಬಳ್ಳಾರಿಯ ಒಬ್ಬ ಅಕ್ಕ. ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಊಟದ ಬಿಡುವಿನಲ್ಲಿ ಬಾಲ್ಯದ ನೋವು ಕೇಳುವ ಪ್ರಶ್ನೆಗಳ ಹಾಳೆ ಹಂಚಿದ್ದೆ. ಸೂಪರ್‌ವೈಸರ್ ಆ ಕಡೆ ಈ ಕಡೆ ಓಡಾಡುತ್ತಿದ್ದ, ಪಕ್ಕದವಳ ಕಣ್ಣು ಇವಳ ಹಾಳೆ ಮೇಲೆ, ಇವಳ ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟು. ಆ ಅಕ್ಕ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ "ಎಂದೂ ಇಲ್ಲ" ಅನ್ನುವುದಕ್ಕೆ ಗೆರೆ ಎಳೆದು ಕೊಟ್ಟರು. ಎರಡು ವಾರ ಬಿಟ್ಟು ಅವರ ಮನೆಗೇ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರು, ಮನೆಯಲ್ಲಿ ನಾವಿಬ್ಬರೇ. ಮೈಮೇಲೆ ಬಾಸುಂಡೆ ಬರುವ ಹಾಗೆ ಹೊಡೆದಿದ್ದರಾ ಅನ್ನುವ ಪ್ರಶ್ನೆ ಓದಿದೆ. ಮೊರ ನಿಂತಿತು. "ಅವತ್ತ ನಾ ಏನಂತ ಬರದಿದ್ದೆವಾ?" ಅಂತ ಕೇಳಿದರು. ಹೇಳಬಾರದಿತ್ತು, ಹೇಳಲಿಲ್ಲ. "ಆಗಾಗ್ಗೆ ಅಂತ ಬರಕೋ" ಅಂದರು.

ಈಗ ಆ ಮೊದಲ ಹಾಳೆಯ ಲೆಕ್ಕ ನೋಡಿ. ಅದು ಸಿಟಿಕ್ಯೂ (ಚೈಲ್ಡ್‌ಹುಡ್ ಟ್ರಾಮಾ ಕ್ವೆಶ್ಚನೇರ್). ಒಂದೊಂದು ಭಾಗಕ್ಕೆ ಐದು ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಅದರಲ್ಲಿ ಕೆಲವು ಪ್ರಶ್ನೆ ಉಲ್ಟಾ ಇರುತ್ತವೆ, ಇಲ್ಲ ಅಂದಷ್ಟೂ ಅಂಕ ಹೆಚ್ಚು. "ಮನೆಯಲ್ಲಿ ನನ್ನನ್ನು ಪ್ರೀತಿಸುತ್ತಿದ್ದರು" ಎನ್ನುವ ರೀತಿಯವು. ಅದಕ್ಕೂ ಅವರು "ಎಂದೂ ಇಲ್ಲ" ಅಂತಲೇ ಗೆರೆ ಎಳೆದಿದ್ದರು. ಹಾಗಾಗಿ ಹೊಡೆತದ ಭಾಗದಲ್ಲಿ ಅವರಿಗೆ ಕನಿಷ್ಠ ಅಂಕ 5, ಭಾವನಾತ್ಮಕ ನಿರ್ಲಕ್ಷ್ಯದ ಭಾಗದಲ್ಲಿ ಗರಿಷ್ಠ 25. ಯಾರೂ ಬಡಿದಿಲ್ಲ, ಯಾರೂ ಪ್ರೀತಿಸಿಯೂ ಇಲ್ಲ. ಹಾಳೆ ಹೇಳುವ ಕತೆ ಇದು. ಇದಕ್ಕಿಂತ ತಮಾಷೆ ಅಂದರೆ, ಆ ನಿರ್ಲಕ್ಷ್ಯದ ಭಾಗದ ಐದಕ್ಕೆ ಐದೂ ಪ್ರಶ್ನೆ ಉಲ್ಟಾ. ಹೀಗೆ ಸುಮ್ನೆ ಗೆರೆ ಎಳೆದವರು ಜಾಸ್ತಿ ಆದಷ್ಟೂ ಆ ಭಾಗದ ಆಲ್ಫಾ ಏರುತ್ತದೆ. ನೀವು 0.9 ಬಂತು ಅಂತ ಖುಷಿಪಡುತ್ತೀರಿ.

ಆಲ್ಫಾನೋ, ಎರಡನೇ ಸಲ ಕೇಳುವುದೋ?

ಪ್ರಶ್ನಾವಳಿ ಆರಿಸುವ ಮೊದಲು ಇದನ್ನು ತೀರ್ಮಾನ ಮಾಡಿ. ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಆಗ ತಡವಾಗಿರುತ್ತದೆ.

ಕ್ರಾನ್‌ಬ್ಯಾಕ್ 1951ರಲ್ಲಿ ಬರೆದ ಆಲ್ಫಾ ನೋಡುವುದು ಒಂದೇ ಒಂದು ವಿಷಯ: ಒಂದು ಗುಂಪಿನ ಪ್ರಶ್ನೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆಯೇ ಅಂತ. ಒಂದೇ ದಿನ, ಒಂದೇ ಕೂತಲ್ಲಿ ಸಿಗುತ್ತದೆ, ಖರ್ಚಿಲ್ಲ, ಕಂಪ್ಯೂಟರಿನಲ್ಲಿ ಒಂದು ಬಟನ್. ಪ್ರಶ್ನೆ ಸೇರಿಸುತ್ತಾ ಹೋದರೆ ಅದೂ ಏರುತ್ತದೆ. 0.95 ಬಂದರೆ ಒಂದೇ ಪ್ರಶ್ನೆಯನ್ನು ಐದು ಸಲ ತಿರುಗಿಸಿ ಕೇಳಿದ್ದೀರಿ ಅಂತಲೂ ಅರ್ಥ ಆಗಬಹುದು. ಇವತ್ತು ಒಂದು ಹೇಳಿದವರು ಮುಂದಿನ ತಿಂಗಳು ಅದನ್ನೇ ಹೇಳುತ್ತಾರಾ? ಅದು ಆಲ್ಫಾಗೆ ಗೊತ್ತಿಲ್ಲ.

ಅದನ್ನು ತಿಳಿಯೋಕೆ ಇರುವುದು ಮತ್ತೆ ಹೋಗಿ ಕೇಳುವ ದಾರಿ ಮಾತ್ರ. ಟೆಸ್ಟ್-ರೀಟೆಸ್ಟ್ ಅನ್ನುತ್ತಾರಲ್ಲ, ಅದು. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಜನರಿಗೆ ಅದೇ ಪ್ರಶ್ನೆ. ದುಡ್ಡು, ಬಸ್ಸು, ಬಿಸಿಲು, ಎಲ್ಲ ಬೇಕು. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಗುಳೆ. ಸುಗ್ಗಿ ಮುಗಿಯುವ ಹೊತ್ತಿಗೆ ಮೊದಲ ಸುತ್ತು ಮಾಡಿದರೆ ಎರಡನೇ ಸುತ್ತಿಗೆ ಅರ್ಧ ಓಣಿಗೆ ಬೀಗ. ಎಲ್ಲಿದ್ದಾರೆ ಅಂತ ಕೇಳಿದರೆ ಬೆಂಗಳೂರು, ಪುಣೆ. ಉಳಿದಿರುವವರು ಸ್ವಲ್ಪ ಹೊಲ ಇದ್ದವರು, ಅಂದರೆ ನಿಮ್ಮ ಎರಡನೇ ಸುತ್ತು ಬೇರೆಯೇ ಜನರದ್ದು. ಮಳೆ ಹಿಡಿದು ಬಿತ್ತನೆಗೆ ಊರಿಗೆ ಬಂದ ಮೇಲೆ ಎರಡೂ ಸುತ್ತು ಮುಗಿಸಿಕೊಳ್ಳಿ. ಇಡೀ ಮುನ್ನೂರು ಜನರ ಹತ್ತಿರ ಮತ್ತೆ ಹೋಗಬೇಕಿಲ್ಲ. ಐವತ್ತು ಜನ ಸಿಕ್ಕರೆ ಮಾಸ್ಟರ್ಸ್ ಕೆಲಸಕ್ಕೆ ಧಾರಾಳ ಆಯಿತು.

ಎರಡರಲ್ಲಿ ಒಂದೇ ಮಾಡೋಕೆ ಆಗೋದು ಅಂದರೆ ನಾನು ಎರಡನೇ ಸಲ ಕೇಳುವುದನ್ನೇ ಆರಿಸುತ್ತೇನೆ. ಗೈಡ್ ಒಪ್ಪದಿದ್ದರೆ ಆಲ್ಫಾ ಕೂಡ ಹಾಕಿ, ಐದು ನಿಮಿಷದ ಕೆಲಸ.

ನಾಲ್ಕು ಪ್ರಶ್ನಾವಳಿಗಳು

ಸಿಟಿಕ್ಯೂ ಎಲ್ಲರಿಗೂ ಗೊತ್ತಿರುವುದು. ಬರ್ನ್‌ಸ್ಟೈನ್ ಮತ್ತು ಫಿಂಕ್ 1994ರಲ್ಲಿ ತಂದಾಗ 70 ಪ್ರಶ್ನೆ ಇದ್ದವು, 2003ರ ಚಿಕ್ಕ ರೂಪದಲ್ಲಿ 28. ಇದರಲ್ಲಿ 25 ಪ್ರಶ್ನೆ ಐದು ಭಾಗಕ್ಕೆ ಹಂಚಿವೆ: ಬೈಗುಳ-ಅವಮಾನ, ಹೊಡೆತ, ಲೈಂಗಿಕ ದೌರ್ಜನ್ಯ, ಭಾವನಾತ್ಮಕ ನಿರ್ಲಕ್ಷ್ಯ, ದೈಹಿಕ ನಿರ್ಲಕ್ಷ್ಯ. ಉಳಿದ ಮೂರು ಪ್ರಶ್ನೆ "ನನ್ನ ಬಾಲ್ಯ ಬಂಗಾರದಂಥದ್ದು" ಅಂತ ಎಲ್ಲವನ್ನೂ ಮುಚ್ಚಿಡುವವರನ್ನು ಹಿಡಿಯೋಕೆ. ಉತ್ತರಕ್ಕೆ ಐದು ಮೆಟ್ಟಿಲು. ಒಳ್ಳೆಯ ಸಾಧನವೇ, ಆದರೆ ಕೊಂಡುಕೊಳ್ಳಬೇಕು. ಝೆರಾಕ್ಸ್ ಅಂಗಡಿಯಲ್ಲಿ ಓಡಾಡುವ ಪ್ರತಿ ಹಿಡಿದುಕೊಂಡು ಕೆಲಸ ಮಾಡಬೇಡಿ, ಆಮೇಲೆ ಎಲ್ಲೂ ಪ್ರಕಟಿಸೋಕೆ ಆಗಲ್ಲ.

ಇದರ ಬಲಹೀನ ಜಾಗ ದೈಹಿಕ ನಿರ್ಲಕ್ಷ್ಯದ ಭಾಗ. ಬೇರೆ ಬೇರೆ ದೇಶಗಳಲ್ಲಿ ಮಾಡಿದಾಗಲೂ ಆಲ್ಫಾ ಮತ್ತೆ ಮತ್ತೆ ಕೆಳಗೆ ಬಿದ್ದಿರುವುದು ಇಲ್ಲೇ. ನಮ್ಮ ಕಡೆ ಯಾಕೆ ಬೀಳುತ್ತದೆ ಅಂತ ನೋಡೋಕೆ ಪ್ರಶ್ನೆಗಳನ್ನು ಓದಿದರೆ ಸಾಕು. ಹೊಟ್ಟೆ ತುಂಬ ಊಟ ಇತ್ತಾ, ಬಟ್ಟೆ ಕೊಳಕಾಗಿದ್ದವಾ, ಹುಷಾರಿಲ್ಲದಾಗ ಡಾಕ್ಟರ ಹತ್ತಿರ ಕರೆದೊಯ್ಯುವವರು ಇದ್ದರಾ. ದೇವದುರ್ಗದ ಒಂದು ತಾಂಡಾದಲ್ಲಿ ಬೆಳೆದವರಿಗೆ ಇದನ್ನು ಕೇಳಿ. ಅವ್ವ ಅಪ್ಪ ಗುಳೆ ಹೋಗಿದ್ದರು, ಅಜ್ಜಿ ಇದ್ದಳು, ಇದ್ದ ಒಂದು ರೊಟ್ಟಿಯನ್ನು ಮುರಿದು ದೊಡ್ಡ ತುಂಡು ಮೊಮ್ಮಗಳಿಗೇ ಕೊಟ್ಟಳು. ಊಟ ಕಡಿಮೆ ಇತ್ತಾ? ಇತ್ತು. ನಿರ್ಲಕ್ಷ್ಯವಾ? ಅಲ್ಲವೇ ಅಲ್ಲ. ಬಡತನವನ್ನು ಅಳೆದು ಅದಕ್ಕೆ ಅಪ್ಪ-ಅಮ್ಮನ ತಪ್ಪು ಅಂತ ಹೆಸರಿಟ್ಟ ಹಾಗಾಗುತ್ತದೆ. ಇಂಥ ಪ್ರಶ್ನೆಗೆ ಒಬ್ಬರೇ ಎರಡು ಸಲ ಎರಡು ಉತ್ತರ ಕೊಡುವುದು ಸಹಜ, ಯಾಕಂದರೆ ಒಂದು ಸಲ ಅವರಿಗೆ ಹಸಿವು ನೆನಪಾಗುತ್ತದೆ, ಇನ್ನೊಂದು ಸಲ ಅಜ್ಜಿ.

ಏಸ್ (ಅಡ್ವರ್ಸ್ ಚೈಲ್ಡ್‌ಹುಡ್ ಎಕ್ಸ್‌ಪೀರಿಯನ್ಸಸ್, ಬಾಲ್ಯದ ಕಹಿ ಅನುಭವಗಳು) ಅನ್ನುವುದು ಹತ್ತು ಪ್ರಶ್ನೆಯದ್ದು, ಹೌದು-ಇಲ್ಲ ಅಷ್ಟೇ. ಇದರ ಬೇರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ಮತ್ತು ಸಿಡಿಸಿ (ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಕೇಂದ್ರ) ಸೇರಿ ಮಾಡಿದ ಅಧ್ಯಯನ. ಫೆಲಿಟ್ಟಿ, ಆಂಡಾ ಮತ್ತಿತರರ ಮೊದಲ ಲೇಖನ 1998ರದ್ದು. ಅಧ್ಯಯನ ಎರಡು ಹಂತದಲ್ಲಿ ನಡೆಯಿತು, ಎರಡೂ ಸೇರಿ 17 ಸಾವಿರಕ್ಕೂ ಹೆಚ್ಚು ಜನ. ಎರಡನೇ ಸಲ ಕೇಳಿದರೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. 2004ರಲ್ಲಿ ಡ್ಯೂಬ್ ಮತ್ತು ಸಂಗಡಿಗರು 658 ಜನರ ಉತ್ತರ ಹೋಲಿಸಿದರು. ಎರಡು ಸಲದ ನಡುವೆ ಸರಾಸರಿ 20 ತಿಂಗಳು. ಕಪ್ಪಾ (ಎರಡು ಸಲದ ಉತ್ತರ ಎಷ್ಟು ಹೊಂದುತ್ತವೆ ಅಂತ ಹೇಳುವ ಅಂಕೆ, 1 ಅಂದರೆ ಪೂರ್ತಿ ಹೊಂದಿಕೆ) ಲೈಂಗಿಕ ದೌರ್ಜನ್ಯಕ್ಕೆ 0.69, ಬೈಗುಳಕ್ಕೆ 0.66, ಹೊಡೆತಕ್ಕೆ 0.55. ಇದರಲ್ಲಿ ಹೊಡೆತವೇ ಕೆಳಗಿರುವುದನ್ನು ಗಮನಿಸಿ. ಅಲ್ಲೇ ಹಾಗಾದರೆ, "ಸಣ್ಣವರಿದ್ದಾಗ ಯಾರು ಬಡದಿಲ್ರೀ ನಮ್ಮನ್ನ?" ಅಂತ ನಗುವ ನಮ್ಮಲ್ಲಿ?

ಏಸ್‌ಗೆ ಆಲ್ಫಾ ಹಾಕುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅಪ್ಪ ಕುಡಿಯುತ್ತಿದ್ದ, ಮನೆಯವರೊಬ್ಬರು ಜೈಲಿಗೆ ಹೋಗಿದ್ದರು, ಅಪ್ಪ-ಅಮ್ಮ ಬೇರೆಯಾದರು. ಈ ಮೂರೂ ಒಟ್ಟಿಗೆ ಏರಬೇಕು ಇಳಿಯಬೇಕು ಅಂತ ಯಾಕೆ ನಿರೀಕ್ಷೆ ಮಾಡಬೇಕು? ಕುಡಿಯುವ ಅಪ್ಪನನ್ನು ಅಮ್ಮ ಸಾಯುವವರೆಗೂ ಬಿಡದೇ ಇರಬಹುದು. ಇಲ್ಲಿ ಆಲ್ಫಾ ಕಡಿಮೆ ಬಂದರೆ ಪ್ರಶ್ನಾವಳಿ ಕೆಟ್ಟದ್ದು ಅಂತ ಅರ್ಥ ಅಲ್ಲ. ಇನ್ನೊಂದು ಮಾತು, ಏಸ್ ಅಂಕವನ್ನು ಒಬ್ಬೊಬ್ಬ ವ್ಯಕ್ತಿಯ ಅಪಾಯ ಅಳೆಯೋಕೆ ಬಳಸಬೇಡಿ ಅಂತ ಅದನ್ನು ಕಟ್ಟಿದ ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ. ಗುಂಪಿನ ಲೆಕ್ಕಕ್ಕೆ ಸರಿ, ಒಬ್ಬರ ಹಣೆಬರಹ ಹೇಳೋಕೆ ಅಲ್ಲ.

ಏಸ್-ಐಕ್ಯೂ ಅಂದರೆ ಏಸ್‌ನ ಅಂತರರಾಷ್ಟ್ರೀಯ ರೂಪ, ವಿಶ್ವ ಆರೋಗ್ಯ ಸಂಸ್ಥೆಯದ್ದು. ಉಚಿತ. 18 ದಾಟಿದವರಿಗೆ. 13 ವಿಭಾಗ ಇವೆ, ಮನೆಯ ಜೊತೆಗೆ ಓರಗೆಯವರ ಕಾಟ, ಓಣಿಯ ಜಗಳ, ಗಲಭೆ-ಯುದ್ಧ ಇವೂ ಬರುತ್ತವೆ. ಮೊದಲ ಮದುವೆ ಎಷ್ಟನೇ ವಯಸ್ಸಿಗೆ ಆಯಿತು, ಗಂಡನನ್ನು ನೀವೇ ಆರಿಸಿದಿರಾ ಅನ್ನುವ ಪ್ರಶ್ನೆಗಳೂ ಇವೆ. ಹದಿನಾಲ್ಕಕ್ಕೇ ತಾಳಿ ಬಿದ್ದ ಹೆಣ್ಣುಮಕ್ಕಳು ಇರುವ ಕಡೆ ಇದಕ್ಕಿಂತ ಬೇಕಾದ ಪ್ರಶ್ನೆ ಇನ್ನೊಂದಿಲ್ಲ, ಸಿಟಿಕ್ಯೂನಲ್ಲಿ ಇದರ ಸುಳಿವೇ ಇಲ್ಲ. ಅಪ್ಪ-ಅಮ್ಮ ಅಂತಷ್ಟೇ ಅನ್ನದೆ ಪೋಷಕರು ಅಂತಲೂ ಕೇಳುವುದರಿಂದ ಅಜ್ಜಿ ಕೈಯಲ್ಲಿ ಬೆಳೆದವರಿಗೆ, ದೇವದಾಸಿ ತಾಯಂದಿರ ಮಕ್ಕಳಿಗೆ ಉತ್ತರ ಕೊಡೋಕೆ ಜಾಗ ಇದೆ. ಆ ಪದ್ಧತಿಗೆ ರಾಜ್ಯದಲ್ಲಿ 1982ರಲ್ಲೇ ನಿಷೇಧದ ಕಾಯ್ದೆ ಬಂದರೂ ಆ ಮನೆಗಳಲ್ಲಿ ಹುಟ್ಟಿದವರು ನಮ್ಮ ನಡುವೆ ಇದ್ದಾರೆ, ಅವರ ಮುಂದೆ "ನಿಮ್ಮ ಅಪ್ಪ-ಅಮ್ಮ ಬೇರೆಯಾದರಾ" ಅಂತ ಏಸ್ ಪ್ರಶ್ನೆ ಓದಿ ನಾನು ತಲೆ ತಗ್ಗಿಸಿದ್ದೇನೆ. ಏಸ್-ಐಕ್ಯೂನ ಯುದ್ಧದ ಪ್ರಶ್ನೆಗಳಿಗೆ ಇಲ್ಲಿ ಬಹುತೇಕ ಎಲ್ಲರೂ "ಇಲ್ರೀ" ಅನ್ನುತ್ತಾರೆ. ಎಲ್ಲರೂ ಇಲ್ಲ ಅಂದ ಪ್ರಶ್ನೆಗೆ ಕಪ್ಪಾ ಲೆಕ್ಕವೇ ಸಿಗಲ್ಲ, ಗಾಬರಿಯಾಗಬೇಡಿ.

ಇಟಿಐ (ಅರ್ಲಿ ಟ್ರಾಮಾ ಇನ್ವೆಂಟರಿ) ಬಗ್ಗೆ ಜಾಸ್ತಿ ಹೇಳಲ್ಲ. ಬ್ರೆಮ್ನರ್ ತಂಡದ್ದು, 2007ರ ಚಿಕ್ಕ ರೂಪದಲ್ಲಿ 27 ಪ್ರಶ್ನೆ, ಹೌದು-ಇಲ್ಲ. ಅಪಘಾತ, ಪ್ರಕೃತಿ ವಿಕೋಪ, ಹತ್ತಿರದವರ ಸಾವು ಇಂಥವನ್ನೂ ಎಣಿಸುತ್ತದೆ. ನಿಮ್ಮ ವಿಷಯ ಅದೇ ಆಗಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಕನ್ನಡಕ್ಕೆ ಬಂದಾಗ ಮುರಿಯುವ ಜಾಗಗಳು

ಇಂಗ್ಲಿಷಿನಲ್ಲಿ ಎಷ್ಟೇ ಗಟ್ಟಿ ಇದ್ದರೂ ನಿಮ್ಮ ಅನುವಾದದಲ್ಲಿ ಅದೇ ಗಟ್ಟಿತನ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಒಂದು ಉದಾಹರಣೆ. "ಸಾಕಷ್ಟು ಊಟ ಸಿಗುತ್ತಿರಲಿಲ್ಲ" ಅಂತ ಹೇಳಿಕೆ ಇದೆ. ಉತ್ತರ "ಎಂದೂ ಇಲ್ಲ". ಇದರ ಅರ್ಥ ಏನು? ಪುಸ್ತಕದ ಪ್ರಕಾರ ಊಟಕ್ಕೆ ಎಂದೂ ಕೊರತೆ ಇರಲಿಲ್ಲ ಅಂತ. ಆದರೆ ಲಿಂಗಸುಗೂರಿನ ಸಂತೆಯಲ್ಲಿ ಸಿಕ್ಕವರನ್ನು ಕೇಳಿ ನೋಡಿ, "ಎಂದೂ ಇಲ್ರೀ" ಅಂದರೆ ಊಟ ಎಂದೂ ಸಿಕ್ಕಿಲ್ಲ ಅಂತಲೇ. ಎರಡು "ಇಲ್ಲ" ಸೇರಿ ಹೌದಾಗುವುದು ಲೆಕ್ಕದ ಪಾಠದಲ್ಲಿ, ನಮ್ಮ ಬಾಯಲ್ಲಲ್ಲ. ಮೊದಲ ಸಲ ಒಂದು ಅರ್ಥದಲ್ಲಿ, ಎರಡನೇ ಸಲ ಇನ್ನೊಂದು ಅರ್ಥದಲ್ಲಿ ಉತ್ತರ ಬಂದರೆ ನೀವು ಅದನ್ನು ನೆನಪಿನ ದೋಷ ಅಂತ ಬರೆಯುತ್ತೀರಿ. ಅನುವಾದಕ್ಕೆ ಹಕ್ಕುದಾರರ ಒಪ್ಪಿಗೆ ಕೇಳುವಾಗಲೇ ಈ ತೊಂದರೆಯನ್ನೂ ಅವರ ಮುಂದಿಡಿ.

"ದೌರ್ಜನ್ಯ" ಅನ್ನುವ ಪದ ಪೇಪರಿನದ್ದು, ಪೊಲೀಸ್ ಠಾಣೆಯದ್ದು. "ನನ್ನ ಮೇಲೆ ದೌರ್ಜನ್ಯ ಆಗಿದೆ ಅಂತ ನಂಬುತ್ತೇನೆ" ಅನ್ನುವ ಥರದ ಹೇಳಿಕೆ ಸಿಟಿಕ್ಯೂನಲ್ಲಿ ಇವೆ. ಅದಕ್ಕೆ ಇಲ್ಲ ಅಂದವರೇ ಇನ್ನೊಂದು ಪ್ರಶ್ನೆಯಲ್ಲಿ ಬೆಲ್ಟಿನಿಂದ ಬಾಸುಂಡೆ ಬಂದಿದ್ದನ್ನು ಒಪ್ಪುತ್ತಾರೆ. ಏನಾಯಿತು ಅಂತ ಕೇಳುವ ಪ್ರಶ್ನೆ ಎರಡನೇ ಸಲವೂ ನಿಲ್ಲುತ್ತದೆ, ಅದಕ್ಕೆ ಏನಂತ ಹೆಸರಿಡುತ್ತೀರಿ ಅನ್ನುವ ಪ್ರಶ್ನೆ ಅಲುಗಾಡುತ್ತದೆ. ಅನುವಾದ ಆದ ಮೇಲೆ ಐದಾರು ಜನರನ್ನು ಕೂರಿಸಿ "ಇದನ್ನ ನೀವು ಹ್ಯಾಂಗ್ ತಿಳ್ಕೊಂಡ್ರಿ?" ಅಂತ ಒಂದೊಂದೇ ಕೇಳಿ. ಇಂಗ್ಲಿಷಿಗೆ ವಾಪಸ್ ಅನುವಾದ ಮಾಡಿ ಹೋಲಿಸುವುದೂ ಬೇಕು, ಆದರೆ ಅದು ಇದರ ಬದಲಿ ಆಗಲ್ಲ.

ವಯಸ್ಸಿನ ಗೆರೆಯೂ ತೊಂದರೆ. "18 ತುಂಬುವ ಮೊದಲು" ಅಂದರೆ ಹುಟ್ಟಿದ ದಿನವೇ ಗೊತ್ತಿಲ್ಲದವರು ಏನು ಮಾಡಬೇಕು? ಮದುವೆಗೆ ಮೊದಲಾ ಆಮೇಲಾ, ಸಾಲಿ ಬಿಡಿಸಿದ ಮೇಲಾ, 2009ರ ನೆರೆ ಬಂದಾಗ ಎಷ್ಟು ದೊಡ್ಡವರಿದ್ದಿರಿ, ಹೀಗೆ ಗೂಟ ಹೊಡೆದುಕೊಂಡು ಕೇಳಿ. ಮೊದಲ ಸಲ ಯಾವ ಗೂಟ ಬಳಸಿದಿರೋ ಎರಡನೇ ಸಲವೂ ಅದೇ. ಐದು ಮೆಟ್ಟಿಲಿನ ಉತ್ತರಕ್ಕೆ ನಾನು ಐದು ಲೋಟ ಇಡುತ್ತೇನೆ, ಖಾಲಿಯಿಂದ ತುಂಬಿದ್ದರವರೆಗೆ ಜೋಳ ಹಾಕಿ. ಓದು ಬರದವರು ಮುಟ್ಟಿ ತೋರಿಸುತ್ತಾರೆ, ಬಾಯಿಬಿಟ್ಟು ಹೇಳಬೇಕಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದಾಗ ಇದರ ಬೆಲೆ ತಿಳಿಯುತ್ತದೆ.

ಒಮ್ಮೆ ಹಾಳೆ ಕೊಟ್ಟು ಇನ್ನೊಮ್ಮೆ ಓದಿ ಹೇಳಿದರೆ, ಒಮ್ಮೆ ಕನ್ನಡದಲ್ಲಿ ಕೇಳಿ ಇನ್ನೊಮ್ಮೆ ತೆಲುಗಿನಲ್ಲೋ ಉರ್ದುವಿನಲ್ಲೋ ಕೇಳಿದರೆ ಅದು ರೀಟೆಸ್ಟ್ ಅಲ್ಲ. ನನ್ನ ಬಳ್ಳಾರಿ ಅಕ್ಕನ ವಿಷಯದಲ್ಲಿ ನಾನು ಮಾಡಿದ್ದೂ ಇದೇ ತಪ್ಪು, ಜಾಗವೂ ಬದಲು, ವಿಧಾನವೂ ಬದಲು.

ಕಪ್ಪಾ ಹೇಳುವುದು, ಹೇಳದೇ ಇರುವುದು

ಹೌದು-ಇಲ್ಲ ಪ್ರಶ್ನೆಗೆ ಕೋಹೆನ್ನರ ಕಪ್ಪಾ, ಸಿಟಿಕ್ಯೂ ಥರ ಅಂಕ ಬರುವುದಕ್ಕೆ ಐಸಿಸಿ (ಎರಡು ಸಲದ ಅಂಕಗಳ ಹೊಂದಿಕೆ ನೋಡುವ ಅಳತೆ). ಕಪ್ಪಾ ಯಾಕೆ ಅಂದರೆ ಸುಮ್ನೆ ಶೇಕಡಾ ನೋಡಿದರೆ ಮೋಸ ಹೋಗುತ್ತೇವೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 40 ಜನ. ಒಂದು ಅಪರೂಪದ ಪ್ರಶ್ನೆ. ಎರಡೂ ಸಲ ಹೌದು ಅಂದವರು 1, ಎರಡೂ ಸಲ ಇಲ್ಲ ಅಂದವರು 35, ಇಬ್ಬರು ಹೌದಿನಿಂದ ಇಲ್ಲಕ್ಕೆ, ಇಬ್ಬರು ಇಲ್ಲದಿಂದ ಹೌದಿಗೆ. ಶೇ. 90 ಹೊಂದಿಕೆ! ಕಪ್ಪಾ ಮಾತ್ರ 0.28. ಯಾಕಂದರೆ ಬಹುತೇಕ ಎಲ್ಲರೂ ಇಲ್ಲ ಅನ್ನುವ ಕಡೆ ಕಣ್ಣು ಮುಚ್ಚಿ ಉತ್ತರಿಸಿದರೂ ಶೇ. 86 ಹೊಂದುತ್ತದೆ.

ಈಗ ಸಾಮಾನ್ಯವಾದ ಪ್ರಶ್ನೆ. ಅದೇ 40 ಜನ. ಎರಡೂ ಸಲ ಹೌದು 8, ಎರಡೂ ಸಲ ಇಲ್ಲ 26, ಮೂವರು ಆ ಕಡೆ, ಮೂವರು ಈ ಕಡೆ. ಕಪ್ಪಾ 0.62. ಲ್ಯಾಂಡಿಸ್ ಮತ್ತು ಕೋಚ್ 1977ರಲ್ಲಿ ಕೊಟ್ಟ ಅಳತೆಯಲ್ಲಿ 0.61 ದಾಟಿದರೆ ಗಟ್ಟಿ ಹೊಂದಿಕೆ. ಇದನ್ನೇ ಸ್ವಲ್ಪ ಬದಲಿಸಿ, ಉತ್ತರ ಬದಲಿಸಿದ ಆರೂ ಜನ ಇಲ್ಲದಿಂದ ಹೌದಿಗೆ ಬಂದರು ಅಂತ ಇಟ್ಟುಕೊಳ್ಳಿ. ಕಪ್ಪಾ 0.63. ಹೆಚ್ಚುಕಮ್ಮಿ ಅಷ್ಟೇ! ಆದರೆ ಮೊದಲನೆಯದರಲ್ಲಿ ಜನ ಗೊಂದಲದಲ್ಲಿದ್ದಾರೆ, ಎರಡನೆಯದರಲ್ಲಿ ಮೊದಲ ದಿನ ನಿಮ್ಮನ್ನು ನಂಬದವರು ಎರಡನೇ ದಿನ ನಂಬಿದ್ದಾರೆ. ಒಂದೇ ಅಂಕೆ, ಎರಡು ಬೇರೆ ಕತೆ. ಹಾಗಾಗಿ ಕಪ್ಪಾ ಒಂದನ್ನೇ ಬರೆಯಬೇಡಿ, ನಾಲ್ಕು ಮನೆಯ ಕೋಷ್ಟಕವನ್ನೂ ಹಾಕಿ. ಮ್ಯಾಕ್‌ನೆಮರ್ ಪರೀಕ್ಷೆ ಈ ದಿಕ್ಕನ್ನೇ ನೋಡುವುದು, ಸ್ವಲ್ಪ ಶ್ರಮ ಅಷ್ಟೇ.

ಎರಡು ಸಲ ಒಂದೇ ಉತ್ತರ ಬಂದರೆ ಅದು ನಿಜ ಅಂತಲೂ ಅಲ್ಲ. ಹತ್ತಿ ತೂಗುವ ಕಾಟಾ ಪ್ರತಿ ಚೀಲಕ್ಕೂ ಎರಡು ಕಿಲೋ ಕಮ್ಮಿ ತೋರಿಸಿದರೆ ಅದೂ ತಪ್ಪದೆ ಒಂದೇ ರೀತಿ ತೋರಿಸುವ ಕಾಟಾನೇ. ಬಾಲ್ಡ್‌ವಿನ್ ಮತ್ತು ಸಂಗಡಿಗರು 2019ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬಾಲ್ಯದಲ್ಲೇ ದಾಖಲಾಗಿದ್ದಕ್ಕೂ ದೊಡ್ಡವರಾದ ಮೇಲೆ ಹೇಳಿದ್ದಕ್ಕೂ ಕಪ್ಪಾ ಬರೀ 0.19. ದಾಖಲೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೊಡ್ಡವರಾಗಿ ಅದನ್ನು ಹೇಳಲಿಲ್ಲ, ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದಾಖಲೆ ಇರಲಿಲ್ಲ. ಇದನ್ನು ಓದಿ "ಜನ ಸುಳ್ಳು ಹೇಳ್ತಾರೆ" ಅನ್ನುವವರಿದ್ದಾರೆ. ದಾಖಲೆ ಅನ್ನುವುದು ಯಾರದ್ದೋ ಕಣ್ಣಿಗೆ ಬಿದ್ದದ್ದು ಮಾತ್ರ ಅಲ್ವಾ? ನಮ್ಮೂರುಗಳಲ್ಲಿ ಎಷ್ಟು ಬಾಸುಂಡೆ ಯಾವ ರಿಜಿಸ್ಟರಿನಲ್ಲಿದೆ?

ಹಾಗಾದರೆ ಯಾವುದು?

ಹಳ್ಳಿಯಲ್ಲಿ, ದೊಡ್ಡವರ ನಡುವೆ, ದುಡ್ಡಿಲ್ಲದೆ ಕೆಲಸ ಮಾಡುವವರು ಏಸ್-ಐಕ್ಯೂ ಹಿಡಿಯಿರಿ, ಓದಿ ಹೇಳಿ ಕೇಳಿ. ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕೆಲಸ, ಪ್ರತಿಯೊಬ್ಬರ ನೋವಿನ ತೀವ್ರತೆಯೂ ಬೇಕು, ಲೈಸೆನ್ಸಿಗೆ ಕಾಸಿದೆ ಅಂದರೆ ಸಿಟಿಕ್ಯೂ, ಆದರೆ ದೈಹಿಕ ನಿರ್ಲಕ್ಷ್ಯದ ಭಾಗವನ್ನು ಬೇರೆ ಇಟ್ಟು ನೋಡಿ, ಒಟ್ಟು ಅಂಕಕ್ಕೆ ಕಣ್ಣು ಮುಚ್ಚಿ ಸೇರಿಸಬೇಡಿ. ಸಾವಿರಾರು ಜನರ ಸಮೀಕ್ಷೆಯಲ್ಲಿ ಹತ್ತು ನಿಮಿಷವೂ ಸಿಗಲ್ಲ ಅಂದರೆ ಹತ್ತು ಪ್ರಶ್ನೆಯ ಏಸ್. ಕಾಲೇಜು ಹುಡುಗರಿಗೆ ಗೂಗಲ್ ಫಾರ್ಮ್ ಕಳಿಸಿ ಮುಗಿಸುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

18 ತುಂಬದವರನ್ನು ನಿಮ್ಮಷ್ಟಕ್ಕೆ ಕೇಳೋಕೆ ಹೋಗಬೇಡಿ. ಪೋಕ್ಸೋ ಕಾಯ್ದೆ, 2012ರ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡಲೇಬೇಕು, ಗುಟ್ಟಾಗಿಡುತ್ತೇನೆ ಅಂತ ಮಗುವಿಗೆ ಮಾತು ಕೊಡೋಕೆ ನಿಮಗೆ ಹಕ್ಕಿಲ್ಲ. ದೊಡ್ಡವರ ಜೊತೆ ಕೆಲಸ ಮಾಡುವಾಗಲೂ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಎಲ್ಲರಿಗೂ ಕೊಡಿ, ಅತ್ತವರಿಗೆ ಮಾತ್ರ ಅಲ್ಲ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ, ಎರಡು ಉತ್ತರದಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು? ಇದನ್ನು ಮೊದಲ ಸುತ್ತಿಗೆ ಹೋಗುವ ಮುಂಚೆಯೇ ಬರೆದಿಟ್ಟುಕೊಳ್ಳಿ, ಫಲಿತಾಂಶ ನೋಡಿ ಆಮೇಲೆ ಅಲ್ಲ. ನಾನು ಮುಖ್ಯ ಲೆಕ್ಕಕ್ಕೆ ಮೊದಲ ಸುತ್ತಿನದ್ದನ್ನೇ ಹಿಡಿಯುತ್ತೇನೆ, ಉಳಿದವರಿಗೆಲ್ಲ ಇರುವುದು ಅದೊಂದೇ ಅಲ್ಲವೇ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಎರಡರಲ್ಲಿ ಒಂದು ಸಲವಾದರೂ ಹೌದು ಅಂದವರು ಎಷ್ಟು ಅಂತ ತೋರಿಸುತ್ತೇನೆ. ಬಳ್ಳಾರಿಯ ಅಕ್ಕ ಮೊದಲ ಕಾಲಂನಲ್ಲಿ ಇಲ್ಲ, ಎರಡನೆಯದರಲ್ಲಿ ಇದ್ದಾರೆ.